ಮೊದಲು ಬಂದವರಿಗೆ ಸೊನ್ನೆ

“ಇಳೀತಾ ಇದೆ ಕಣೆ! ನೋಡು, ಮತ್ತೆ ಇಳೀತು!”

ಚಿಕ್ಕಮ್ಮ ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಲ್ಲಿ ‘ಚಿಕ್ಕ ಪೆಟ್ಟಿಗೆ: 36.2’ ಎಂದಿತ್ತು. ಪಿಟೀಲು ನೋಡುತ್ತಿರುವಾಗಲೇ ಅದು 36.1 ಆಯಿತು.

ಪಿಟೀಲು ಗೋಡೆಗೆ ಬೆನ್ನು ಅಂಟಿಸಿಕೊಂಡು ನಿಂತಿದ್ದಳು.

ಹುಟ್ಟಿದ ಹೊಸದರಲ್ಲಿ ರಾಗ ಎಳೆದೂ ಎಳೆದೂ ಅಳುತ್ತಿದ್ದಳು ಎಂದು ಮನೆಯವರು ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದರು. ಈಗ ಹತ್ತು ವರ್ಷ. ರಾಗ ನಿಂತಿದೆ, ಮಾತು ನಿಂತಿಲ್ಲ. ತಟ್ಟೆ ಮುಂದೆ ಕೂತರೂ ಮಾತು, ಹಲ್ಲುಜ್ಜುವಾಗಲೂ ಮಾತು. ಅಂಥವಳು ಇವತ್ತು ಮಧ್ಯಾಹ್ನ ಎರಡು ಗಂಟೆಯಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ಏನೇ, ಹೊಟ್ಟೆ ನೋವಾ?” ಎಂದಳು ಚಿಕ್ಕಮ್ಮ.

“ಇಲ್ಲ.”

“ಮತ್ತೆ? ಯಾಕೆ ಹಿಂಗೆ ಪೆಚ್ಚಾಗಿ ನಿಂತಿದೀಯ?”

“ಸುಮ್ನೆ.”

ಚಿಕ್ಕಮ್ಮನ ಕೆಲಸ ಮೊಟ್ಟೆಗಳಿಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವುದು. ಅವಳ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಮರದ ಪೆಟ್ಟಿಗೆಗಳಿದ್ದವು. ಮೊಟ್ಟೆಗಳು ಮೊದಲ ಹದಿನೆಂಟು ದಿನ ದೊಡ್ಡ ಪೆಟ್ಟಿಗೆಯಲ್ಲಿರುತ್ತಿದ್ದವು. ಕೊನೆಯ ಮೂರು ದಿನ ಚಿಕ್ಕ ಪೆಟ್ಟಿಗೆ. ಮರಿಗಳು ಒಡೆದು ಬರುವುದು ಅಲ್ಲೇ. ಎರಡಕ್ಕೂ ಒಂದೊಂದು ಗಾಜಿನ ಬಾಗಿಲು, ಒಳಗೆ ಕಾವಿಗೆ ಒಂದೊಂದು ಬಲ್ಬು, ಬಿಸಿ ಎಷ್ಟಿದೆ ಎಂದು ಅಳೆಯಲು ಒಂದೊಂದು ಸೆನ್ಸರ್.

ಆ ಸೆನ್ಸರುಗಳ ವೈರುಗಳು ಹೊರಗೆ ಬಂದು ಮೇಜಿನ ಮೇಲಿನ ಪುಟ್ಟ ಕಂಪ್ಯೂಟರಿಗೆ ಸೇರುತ್ತಿದ್ದವು. ಸೋಪಿನ ಡಬ್ಬಿಯಷ್ಟೇ ದೊಡ್ಡ ಕಂಪ್ಯೂಟರ್ ಅದು. ಪೆಟ್ಟಿಗೆ ತಣ್ಣಗಾದರೆ ಆ ಪೆಟ್ಟಿಗೆಯ ಬಲ್ಬು ಹಾಕುತ್ತಿತ್ತು, ಬಿಸಿಯಾದರೆ ಆರಿಸುತ್ತಿತ್ತು. ಮೂವತ್ತೇಳೂವರೆ ಡಿಗ್ರಿ ಇರಬೇಕು. ಒಂದು ಕೂದಲೆಳೆ ಆಚೆ ಈಚೆ ಆದರೂ ಚಿಕ್ಕಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಈಗ ಚಿಕ್ಕ ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೆರಡೇ ಮೊಟ್ಟೆ. ಪಿಟೀಲಿನ ಐದನೇ ಕ್ಲಾಸಿನಲ್ಲಿ ಹನ್ನೆರಡು ಮಕ್ಕಳು. ಒಬ್ಬೊಬ್ಬರದು ಒಂದೊಂದು ಮೊಟ್ಟೆ. ಒಬ್ಬೊಬ್ಬರೂ ಪೆನ್ಸಿಲಿನಲ್ಲಿ ಚಿಪ್ಪಿನ ಮೇಲೆ ಒಂದೊಂದು ಚಿತ್ರ ಬರೆದಿದ್ದರು. ನಕ್ಷತ್ರ, ಮೀನು, ಛತ್ರಿ, ಬೀಗದ ಕೈ. ಪಿಟೀಲು ಬರೆದದ್ದು ಗಾಳಿಪಟ.

ನಾಳೆ ಇಪ್ಪತ್ತೊಂದನೇ ದಿನ. ನಾಳೆ ಹತ್ತು ಗಂಟೆಗೆ ಸೈನ್ಸ್ ಮಿಸ್ ಇಡೀ ಕ್ಲಾಸನ್ನು ಇಲ್ಲಿಗೆ ಕರೆದುಕೊಂಡು ಬರುತ್ತಾರೆ.

ಅದಕ್ಕೇ ಪಿಟೀಲು ಇವತ್ತು, ರಜೆಯ ದಿನ, ಶೆಡ್ಡು ಗುಡಿಸಿದ್ದು. ಕಿಟಕಿ ಒರೆಸಿದ್ದು. ಅದಕ್ಕೇ ಎರಡು ಗಂಟೆಗೆ, ಚಿಕ್ಕಮ್ಮ ಊಟಕ್ಕೆ ಹೋಗಿದ್ದಾಗ, ಮೇಜಿನ ಹತ್ತಿರ ಹೋದದ್ದು.

ಎರಡು ವೈರುಗಳೂ ಜಡೆಯ ಹಾಗೆ ಒಂದಕ್ಕೊಂದು ಸುತ್ತಿಕೊಂಡಿದ್ದವು. ನೋಡಲು ಗಲೀಜು. ಬುಲೆಟ್ ನೋಡಿದರೆ ಬಿಡುತ್ತಾನಾ? ‘ನಿನ್ನ ತಲೆ ಥರಾನೇ ಇದೆ’ ಎನ್ನುತ್ತಾನೆ. ಬುಲೆಟ್ ಅವಳ ಕ್ಲಾಸಿನ ಹುಡುಗ, ಬಾಯಿ ಬಿಟ್ಟರೆ ಗುಂಡಿನ ಹಾಗೆ ಮಾತು ಹಾರಿಸುವವನು.

ಪಿಟೀಲು ಎರಡು ವೈರನ್ನೂ ಕಂಪ್ಯೂಟರಿನಿಂದ ಕಿತ್ತಳು. ಗಂಟು ಬಿಡಿಸಿದಳು. ಮತ್ತೆ ಹಾಕಿದಳು. ಯಾವುದು ಯಾವ ತೂತಿನಲ್ಲಿತ್ತೋ ಅದೇ ತೂತಿಗೆ. ಅದರಲ್ಲಿ ಅವಳು ಒಂಚೂರೂ ತಪ್ಪಿರಲಿಲ್ಲ. ಚಿಕ್ಕ ಪೆಟ್ಟಿಗೆಯದು ಮೇಲಿನ ತೂತು, ದೊಡ್ಡದರದು ಕೆಳಗಿನ ತೂತು. ಸ್ಕ್ರೀನಿನಲ್ಲಿ ಅಂಕಿಗಳು ಮಾಯವಾಗಿದ್ದವು, ಒಂದು ನಿಮಿಷದಲ್ಲಿ ತಾವೇ ವಾಪಸ್ ಬಂದವು. ಸದ್ಯ, ಎಂದುಕೊಂಡಿದ್ದಳು.

ಈಗ ಗಂಟೆ ಮೂರೂವರೆ. ಸ್ಕ್ರೀನಿನಲ್ಲಿ 35.9.

“ಚಿಕ್ಕದರ ಬಲ್ಬು ಒಂದು ಗಂಟೆ ಹೊತ್ತಿನಿಂದ ಉರೀತಾನೇ ಇದೆ. ಆದರೂ ಇಳೀತಿದೆ,” ಚಿಕ್ಕಮ್ಮ ಹಣೆ ಉಜ್ಜಿಕೊಂಡಳು. “ದೊಡ್ಡದರ ಬಲ್ಬು ಆರಿಹೋಗಿದೆ. ಆದರೂ ಮೂವತ್ತೆಂಟೂ ಮುಕ್ಕಾಲು! ಏನಾಗಿದೆ ಇವಕ್ಕೆ?”

ಅವಳು ರೇಡಿಯೋ ಮಾವನಿಗೆ ಫೋನ್ ಮಾಡಿದಳು. ರೇಡಿಯೋ ಮಾವ ಹಿಂದಿನ ಬೀದಿಯಲ್ಲಿ ರಿಪೇರಿ ಅಂಗಡಿ ಇಟ್ಟವರು. ಈ ಕಂಪ್ಯೂಟರ್ ಕೂರಿಸಿ, ಪ್ರೋಗ್ರಾಮ್ ಬರೆದುಕೊಟ್ಟವರು ಅವರೇ.

“ಅಣ್ಣಾ, ಎಲ್ಲ ಬಿಟ್ಟು ಬನ್ನಿ... ಇಲ್ಲ, ನಾನೇನೂ ಮುಟ್ಟಿಲ್ಲ. ಯಾರೂ ಮುಟ್ಟಿಲ್ಲ... ಅರ್ಧ ಗಂಟೇನಾ? ಅಷ್ಟು ಹೊತ್ತಿಗೆ ನನ್ನ ಜೀವ ಬಾಯಿಗೆ ಬಂದಿರುತ್ತೆ!”

ಯಾರೂ ಮುಟ್ಟಿಲ್ಲ. ಪಿಟೀಲು ವೈರುಗಳ ಕಡೆ ನೋಡಿದಳು. ಈಗಲೇ ಹೇಳಬೇಕು. ಹೇಳಿಬಿಡಬೇಕು. ಆದರೆ ಅದೇ ತೂತಿಗೇ ಹಾಕಿದ್ದೇನಲ್ಲ? ನನ್ನಿಂದ ಅಲ್ಲವೇ ಅಲ್ಲ ಇದು. ಹೇಳಿದರೆ ಸುಮ್ಮನೆ ಬೈಗುಳ.

“ನಿಂತು ನೋಡ್ತೀಯಲ್ಲ, ಒಳಗಿಂದ ಕಂಬಳಿ ತಗೊಂಡ್ ಬಾ!”

ಪಿಟೀಲು ಓಡಿ ಕಂಬಳಿ ತಂದಳು. ಚಿಕ್ಕಮ್ಮ ದೊಡ್ಡ ಪೆಟ್ಟಿಗೆಯ ಬಾಗಿಲನ್ನು ಅಗಲಕ್ಕೆ ತೆಗೆದಿಟ್ಟಳು, ಬಿಸಿ ಹೋಗಲಿ ಎಂದು. ಚಿಕ್ಕ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದಳು, ಬಿಸಿ ಉಳಿಯಲಿ ಎಂದು.

“ಅಂಚು ಒಳಗೆ ಸಿಕ್ಕಿಸು. ಗಾಳಿ ಹೋಗಬಾರದು.”

ಪಿಟೀಲು ಅಂಚು ಸಿಕ್ಕಿಸಿದಳು.

ಐದು ನಿಮಿಷವಾಯಿತು. ಸ್ಕ್ರೀನಿನಲ್ಲಿ ಚಿಕ್ಕ ಪೆಟ್ಟಿಗೆ ಏರಬೇಕಿತ್ತು. ಅದು 34.8ಕ್ಕೆ ಇಳಿಯಿತು. ದೊಡ್ಡದು ಇಳಿಯಬೇಕಿತ್ತು. ಅದು 39 ಮುಟ್ಟಿತು.

“ಇದೆಂಥ ಮಾಟ!” ಎಂದಳು ಚಿಕ್ಕಮ್ಮ. “ಇನ್ನೊಂದು ಕಂಬಳಿ ತರ್ತೀನಿ ಇರು.” ಅವಳು ಮನೆಯೊಳಗೆ ಓಡಿದಳು.

ಶೆಡ್ಡಿನಲ್ಲಿ ಪಿಟೀಲು ಒಬ್ಬಳೇ ಉಳಿದಳು.

ಚಿಕ್ಕ ಪೆಟ್ಟಿಗೆಗೆ ಮೊಟ್ಟೆ ಬಂದಾಗಲೆಲ್ಲ, ದಿನಾ ಇಲ್ಲಿಗೆ ಬಂದ ಕೂಡಲೇ ಅವಳು ಮಾಡುವ ಒಂದು ಕೆಲಸವಿತ್ತು. ಅದರ ಗಾಜಿಗೆ ಮೂಗು ಒತ್ತಿ ಮೊಟ್ಟೆಗಳನ್ನು ನೋಡುವುದು. ಗಾಜು ಬೆಚ್ಚಗಿರುತ್ತಿತ್ತು, ಬೆಕ್ಕಿನ ಹೊಟ್ಟೆಯ ಹಾಗೆ. ಬೆಳಗ್ಗೆ ನೋಡಿದಾಗ ಮೊಟ್ಟೆಗಳ ಒಳಗಿನಿಂದ ಸಣ್ಣದಾಗಿ ಚಿಂವ್ ಚಿಂವ್ ಕೂಡ ಕೇಳಿತ್ತು.

ಈಗ ಕಂಬಳಿ ಎತ್ತಿ ಒಳಗೆ ತಲೆ ತೂರಿಸಿದಳು. ಮೂಗು ಒತ್ತಿದಳು.

ಚಟ್ಟನೆ ಹಿಂದಕ್ಕೆ ತೆಗೆದಳು.

ಗಾಜು ಬೆಚ್ಚಗಿರಲಿಲ್ಲ. ಬಿಸಿ ಇತ್ತು. ಮತ್ತೆ ಒತ್ತಿದಳು. ದಿನಾ ಇರುವುದಕ್ಕಿಂತ ಖಂಡಿತ ಜಾಸ್ತಿ. ಕಿವಿ ಕೊಟ್ಟಳು. ಚಿಂವ್ ಎನ್ನುವ ಸದ್ದು ಇಲ್ಲವೇ ಇಲ್ಲ.

ಸ್ಕ್ರೀನು ತಣ್ಣಗಿದೆ ಎನ್ನುತ್ತಿದೆ. ಮೂಗು ಬಿಸಿ ಎನ್ನುತ್ತಿದೆ.

ದೊಡ್ಡ ಪೆಟ್ಟಿಗೆಯ ಹತ್ತಿರ ಹೋಗಿ ಒಂದು ಮೊಟ್ಟೆಯನ್ನು ಮೆಲ್ಲಗೆ ಕೆನ್ನೆಗೆ ತಾಗಿಸಿದಳು. ತಣ್ಣಗೆ.

ಉಲ್ಟಾ! ಎಲ್ಲ ಉಲ್ಟಾ!

ಚಿಕ್ಕಮ್ಮ ಇನ್ನೊಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದಳು. ಪಿಟೀಲು ಚಿಕ್ಕ ಪೆಟ್ಟಿಗೆಗೆ ಅಡ್ಡ ನಿಂತಳು.

“ಹೊದಿಸಬೇಡ ಚಿಕ್ಕಮ್ಮ!”

“ಸರಿ ಆಚೆ.”

“ಅದು ಬಿಸಿಯಾಗಿದೆ! ತಣ್ಣಗಾಗಿರೋದು ದೊಡ್ಡದು!”

“ಸ್ಕ್ರೀನ್ ಕಣ್ಣಿಗೆ ಕಾಣಿಸ್ತಿಲ್ವಾ ನಿಂಗೆ?”

“ಸ್ಕ್ರೀನ್ ಸುಳ್ಳು ಹೇಳ್ತಿದೆ. ಯಾಕಂದ್ರೆ... ಯಾಕಂದ್ರೆ ನಾನು ವೈರು ಕಿತ್ತಿದ್ದೆ.”

ಚಿಕ್ಕಮ್ಮನ ಕೈ ಹಾಗೇ ನಿಂತಿತು.

“ಏನ್ ಮಾಡಿದ್ದೆ?”

“ಎರಡೂ ಕಿತ್ತು, ಗಂಟು ಬಿಡಿಸಿ, ಮತ್ತೆ ಹಾಕಿದೆ. ಅದೇ ತೂತಿಗೇ ಹಾಕಿದೆ ಚಿಕ್ಕಮ್ಮ, ಆಣೆ! ಆದ್ರೆ ಗಾಜು ಬಿಸಿ ಇದೆ. ನೀನೇ ಮೂಗಿಟ್ಟು ನೋಡು!”

ಚಿಕ್ಕಮ್ಮ ಮೂಗಿಡಲಿಲ್ಲ. ಡ್ರಾಯರ್ ಎಳೆದು, ಕಂಪ್ಯೂಟರ್ ಬರುವ ಮುಂಚೆ ಬಳಸುತ್ತಿದ್ದ ಹಳೆಯ ಗಾಜಿನ ಥರ್ಮಾಮೀಟರ್ ಹುಡುಕಿ ತೆಗೆದಳು. ಚಿಕ್ಕ ಪೆಟ್ಟಿಗೆಯ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಒಳಗಿಟ್ಟಳು. ಇಬ್ಬರೂ ಬಾಗಿ ನೋಡಿದರು. ಕೆಂಪು ಗೆರೆ ಏರಿತು. ಮೂವತ್ತೇಳು. ಮೂವತ್ತೆಂಟು. ಮೂವತ್ತೊಂಬತ್ತು. ಇನ್ನೂ ಸ್ವಲ್ಪ.

“ಅಯ್ಯೋ!”

ಚಿಕ್ಕಮ್ಮ ಕಂಬಳಿ ಕಿತ್ತೆಸೆದಳು. ಚಿಕ್ಕದರ ಬಲ್ಬನ್ನು ಗೋಡೆಯ ಸ್ವಿಚ್ಚಿನಿಂದಲೇ ಆರಿಸಿದಳು. ಬಾಗಿಲು ತೆರೆದಳು. “ದೊಡ್ಡದನ್ನ ಮುಚ್ಚು! ಕಂಬಳಿ ಅದಕ್ಕೆ ಹೊದಿಸು! ಬೇಗ!”

ಪಿಟೀಲು ಮುಚ್ಚಿದಳು, ಹೊದಿಸಿದಳು, ಅಂಚು ಸಿಕ್ಕಿಸಿದಳು.

“ದೊಡ್ಡದರಲ್ಲಿರೋವು ತಣ್ಣಗಾದ್ರೂ ತಡ್ಕೊಳ್ತವೆ. ಕೋಳಿ ಕೂಡ ಕಾವು ಬಿಟ್ಟು ಕಾಳು ತಿನ್ನೋಕೆ ಹೋಗಿ ಬರುತ್ತೆ,” ಎಂದಳು ಚಿಕ್ಕಮ್ಮ. ಕಣ್ಣು ಮಾತ್ರ ಥರ್ಮಾಮೀಟರಿನ ಮೇಲೇ ಇತ್ತು. “ಆದ್ರೆ ಬಿಸಿ ತಡ್ಕೊಳ್ಳಲ್ಲ.”

ಆಮೇಲೆ ಅವಳು ಪಿಟೀಲಿನ ಕಡೆ ತಿರುಗಿದಳು. ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

“ನಾನು ಕಂಬಳಿ ಕೇಳಿದಾಗ ನಿಂಗೆ ಗೊತ್ತಿತ್ತಾ, ನೀನು ವೈರು ಕಿತ್ತಿದ್ದು?”

ಪಿಟೀಲು ಹೌದೆಂದು ತಲೆಯಾಡಿಸಿದಳು.

“ಆದ್ರೂ ತಂದ್ಕೊಟ್ಟೆ.”

ಪಿಟೀಲು ನೆಲದ ಮೇಲಿದ್ದ ಇನ್ನೊಂದು ಕಂಬಳಿ ಎತ್ತಿ ಮಡಿಸಿದಳು.

ರೇಡಿಯೋ ಮಾವ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತ ಬಂದರು. ಚಿಕ್ಕಮ್ಮ ನಡೆದದ್ದನ್ನು ಹೇಳಿದಳು. ಅವರು ಪಿಟೀಲಿನ ಎದುರು ಕುಕ್ಕರುಗಾಲಲ್ಲಿ ಕೂತರು.

“ಕಿತ್ತ ಮೇಲೆ ಮೊದಲು ಯಾವುದು ಹಾಕ್ದೆ ಪುಟ್ಟಿ?”

ಎಂಥ ಪ್ರಶ್ನೆ ಇದು? ಪಿಟೀಲು ಕಣ್ಣು ಮುಚ್ಚಿ ನೆನೆಸಿಕೊಂಡಳು. “ದೊಡ್ಡ ಪೆಟ್ಟಿಗೇದು. ಆಮೇಲೆ ಚಿಕ್ಕದರದ್ದು. ಆದ್ರೆ ಅದೇ ತೂತಿಗೇ ಮಾವ.”

“ತೂತಿನ ವಿಷಯ ಅಲ್ಲಮ್ಮ ಇದು,” ಮಾವ ತಲೆ ಕೆರೆದುಕೊಂಡರು. “ನಿಮ್ಮ ಕ್ಲಾಸಿಗೆ ಒಬ್ಬರು ಹೊಸ ಮೇಷ್ಟ್ರು ಬಂದ್ರು ಅಂದ್ಕೋ. ಅಟೆಂಡೆನ್ಸ್ ಬುಕ್ ತಂದಿಲ್ಲ. ಬಾಗಿಲಲ್ಲಿ ಮೊದಲು ಬಂದವರಿಗೆ ಸೊನ್ನೆ, ಆಮೇಲೆ ಬಂದವರಿಗೆ ಒಂದು, ಅಂತ ನಂಬರ್ ಕೊಟ್ಕೊಂಡು ಹೋದ್ರೆ?”

“ಬುಲೆಟ್ ಒಂದಿನ ಬೇಗ, ಒಂದಿನ ಲೇಟು. ಅವನ ನಂಬರ್ ದಿನಾ ಬೇರೆ ಆಗುತ್ತೆ. ಅವನ ಮಾರ್ಕ್ಸ್ ಇನ್ಯಾರಿಗೋ ಹೋಗುತ್ತೆ!”

“ಹಾಂ! ಇದರೊಳಗೆ ಇರೋದು ಲಿನಕ್ಸ್, ಕಂಪ್ಯೂಟರನ್ನ ನಡೆಸೋ ಸಾಫ್ಟ್‌ವೇರು. ಅದೂ ಹಾಗೇ. ಒಂದೇ ಥರದ ಯುಎಸ್‌ಬಿ ವೈರು ಎರಡು ಬಂದ್ರೆ, ಮೊದಲು ಬಂದಿದ್ದು ಯುಎಸ್‌ಬಿ ಸೊನ್ನೆ, ಆಮೇಲೆ ಬಂದಿದ್ದು ಯುಎಸ್‌ಬಿ ಒಂದು. ನಾನು ಪ್ರೋಗ್ರಾಮಿಗೆ, ‘ಸೊನ್ನೆ ಅಂದ್ರೆ ಚಿಕ್ಕ ಪೆಟ್ಟಿಗೆ, ಒಂದು ಅಂದ್ರೆ ದೊಡ್ಡದು’ ಅಂತ ಬರೆದಿದ್ದೆ. ನೀನು ದೊಡ್ಡದನ್ನ ಮೊದಲು ಹಾಕ್ದೆ. ಅದು ಸೊನ್ನೆ ಆಯ್ತು.”

ಪಿಟೀಲಿಗೆ ಈಗ ಕಣ್ಣಿಗೆ ಕಟ್ಟಿದ ಹಾಗಾಯಿತು. ದೊಡ್ಡದು ತಣ್ಣಗಾದಾಗಲೆಲ್ಲ ಕಂಪ್ಯೂಟರ್ ಚಿಕ್ಕದರ ಬಲ್ಬು ಹಾಕಿತ್ತು. ಚಿಕ್ಕದು ಬಿಸಿಯಾದಾಗಲೆಲ್ಲ ದೊಡ್ಡದರ ಬಲ್ಬು ಆರಿಸಿತ್ತು. ಬಿಸಿಯಾದದ್ದಕ್ಕೆ ಇನ್ನಷ್ಟು ಬಿಸಿ. ತಣ್ಣಗಾದದ್ದಕ್ಕೆ ಇನ್ನಷ್ಟು ತಣ್ಣಗೆ. ಅದರ ಮೇಲೆ ಕಂಬಳಿ ಬೇರೆ.

“ಅಂದ್ರೆ ಒಂದು ಸಲ ಕರೆಂಟ್ ಹೋಗಿ ಬಂದಿದ್ರೂ ಹಿಂಗೇ ಆಗಬಹುದಿತ್ತಾ ಅಣ್ಣಾ?” ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು.

ಮಾವ ಕನ್ನಡಕ ಒರೆಸಿದರು. ತುಂಬ ಹೊತ್ತು ಒರೆಸಿದರು. “ಆಗಬಹುದಿತ್ತು. ಆವತ್ತೇ ಗಟ್ಟಿ ಹೆಸರು ಕೊಡಬೇಕಾಗಿತ್ತು. ಸೋಮಾರಿತನ ಮಾಡ್ದೆ.”

“ಚೆನ್ನಾಗಿದೆ! ದೊಡ್ಡವರೊಬ್ಬರು, ಚಿಕ್ಕವಳೊಬ್ಬಳು!”

ಮಾವ ಲ್ಯಾಪ್‌ಟಾಪ್ ತೆರೆದು ಟಕಟಕ ಒತ್ತತೊಡಗಿದರು. ಕೆಲವು ವೈರುಗಳಿಗೆ ಫ್ಯಾಕ್ಟರಿಯಲ್ಲೇ ಒಂದೊಂದು ಬೇರೆ ನಂಬರ್ ಕೊಟ್ಟಿರುತ್ತಾರಂತೆ. ಅದನ್ನು ನೋಡಿ ಗುರುತು ಹಿಡಿಯಬಹುದಂತೆ. ಆದರೆ ಅವರ ಮುಖ ಸಣ್ಣದಾಯಿತು.

“ಥತ್. ಅಗ್ಗದ ಮಾಲು. ಎರಡಕ್ಕೂ ಒಂದೇ ನಂಬರ್ ಹಾಕಿದಾರೆ. ಅವಳಿ ಜವಳಿ! ಹೆಂಗಪ್ಪ ಗುರುತು ಹಿಡಿಯೋದು?”

ಪಿಟೀಲು ಅನುಮಾನಿಸುತ್ತ ಹೇಳಿದಳು, “ತೂತು ಬೇರೆ ಬೇರೆ ಅಲ್ವಾ ಮಾವ?”

ಮಾವ ಅವಳನ್ನು ನೋಡಿದರು. ಸ್ಕ್ರೀನು ನೋಡಿದರು. ಮತ್ತೆ ಅವಳನ್ನು ನೋಡಿದರು.

“ಹೌದಲ್ವೇನೇ! ಮೇಲಿನ ತೂತಿನಲ್ಲಿ ಕೂತಿರೋದು ಯಾವಾಗಲೂ ಚಿಕ್ಕದು, ಕೆಳಗಿನದರಲ್ಲಿ ಕೂತಿರೋದು ಯಾವಾಗಲೂ ದೊಡ್ಡದು. ಯಾರು ಮೊದಲು ಬಂದ್ರೇನು!”

ಅವರು ಒಂದು ಪುಟ್ಟ ಫೈಲಿನಲ್ಲಿ ಎರಡೇ ಎರಡು ಸಾಲು ಬರೆದರು. ಅದಕ್ಕೆ ರೂಲ್ಸ್ ಫೈಲ್ ಎನ್ನುತ್ತಾರಂತೆ. ಆಮೇಲೆ ಪ್ರೋಗ್ರಾಮಿನಲ್ಲೂ ಸೊನ್ನೆ, ಒಂದು ಎಂದಿದ್ದ ಕಡೆ ‘ಚಿಕ್ಕ’, ‘ದೊಡ್ಡ’ ಎಂದು ಬದಲಾಯಿಸಿದರು. ಚಿಕ್ಕಮ್ಮ ಒಳಗಿನಿಂದ ಉಗುರು ಬಣ್ಣ ತಂದಳು. ಮೇಲಿನ ತೂತಿಗೂ ಅದರ ವೈರಿಗೂ ಕೆಂಪು ಚುಕ್ಕೆ. ಕೆಳಗಿನದಕ್ಕೆ ನೇರಳೆ. ಅಷ್ಟರಲ್ಲಿ ತಣಿದಿದ್ದ ಚಿಕ್ಕ ಪೆಟ್ಟಿಗೆಯ ಬಾಗಿಲನ್ನು ಚಿಕ್ಕಮ್ಮ ಮುಚ್ಚಿ, ಬಲ್ಬಿನ ಸ್ವಿಚ್ಚು ಮತ್ತೆ ಹಾಕಿದಳು.

“ಈಗ ಟೆಸ್ಟು,” ಎಂದರು ಮಾವ. “ಕೀಳಮ್ಮ ಎರಡನ್ನೂ.”

“ನಾನಾ?”

ಪಿಟೀಲು ಚಿಕ್ಕಮ್ಮನ ಮುಖ ನೋಡಿದಳು. ಚಿಕ್ಕಮ್ಮ ಬೇಡ ಎನ್ನಲಿಲ್ಲ.

ಅವಳು ಎರಡೂ ವೈರು ಕಿತ್ತಳು. ಅಂಕಿಗಳು ಮಾಯವಾದವು. ಬೇಕೆಂದೇ ದೊಡ್ಡದನ್ನು ಮೊದಲು ಹಾಕಿದಳು, ಆಮೇಲೆ ಚಿಕ್ಕದನ್ನು. ಕಾದರು. ಅಂಕಿಗಳು ಬಂದವು. ಚಿಕ್ಕಮ್ಮ ದೊಡ್ಡ ಪೆಟ್ಟಿಗೆಯ ಬಾಗಿಲು ಸ್ವಲ್ಪ ತೆರೆದಳು. ಸ್ಕ್ರೀನಿನಲ್ಲಿ ದೊಡ್ಡದರ ಅಂಕಿಯೇ ಇಳಿಯಿತು. ಚಿಕ್ಕದು ಮಿಸುಕಲಿಲ್ಲ.

37.5.

ಆದರೆ ಚಿಕ್ಕ ಪೆಟ್ಟಿಗೆಯೊಳಗಿನಿಂದ ಸದ್ದಿಲ್ಲ. ಅಮ್ಮ ಕೆಲಸದಿಂದ ಬಂದು ಮನೆಗೆ ಕರೆದುಕೊಂಡು ಹೋಗುವವರೆಗೂ ಪಿಟೀಲು ಗಾಜಿನ ಎದುರೇ ಕೂತಿದ್ದಳು. ಹನ್ನೆರಡು ಮೊಟ್ಟೆಗಳೂ ಹನ್ನೆರಡು ಕಲ್ಲುಗಳ ಹಾಗೆ ಸುಮ್ಮನಿದ್ದವು.

ಬೆಳಗ್ಗೆ ಬೆಳಕು ಹರಿಯುವಾಗಲೇ ಅವಳು ಓಡಿ ಬಂದಳು. ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿದ್ದವು.

“ಮೂಗು ಗಾಜಿಗೆ, ಕೈ ಬೆನ್ನ ಹಿಂದಕ್ಕೆ,” ಎಂದಳು.

ನಕ್ಷತ್ರದ ಮೊಟ್ಟೆಯಲ್ಲಿ ಒಂದು ಸೀಳು ಇತ್ತು. ನೋಡನೋಡುತ್ತ ಅಲ್ಲೊಂದು ಚೂರು ಚಿಪ್ಪು ಹಾರಿತು. ಒಳಗಿನಿಂದ ಒಂದು ಕೊಕ್ಕು.

“ಚಿಕ್ಕಮ್ಮ!”

“ಕೂಗಬೇಡ ಕಣೆ, ನಾನು ಇಲ್ಲೇ ಇದೀನಿ.” ಚಿಕ್ಕಮ್ಮನ ದನಿಯೂ ಒದ್ದೆಯಾಗಿತ್ತು.

ಪಿಟೀಲು ನೋಟ್‌ಬುಕ್ ತೆಗೆದಳು. ಹತ್ತು ಗಂಟೆಯವರೆಗೆ ಜಾಗ ಬಿಟ್ಟು ಏಳಲಿಲ್ಲ.

ಹತ್ತಕ್ಕೆ ಕ್ಲಾಸು ಬಂತು. ಶೆಡ್ಡಿನಲ್ಲಿ ಗಲಾಟೆಯೋ ಗಲಾಟೆ. ಪೆಟ್ಟಿಗೆಯಲ್ಲಿ ಒಂಬತ್ತು ಮರಿಗಳು. ಚಿಪ್ಪುಗಳು ತುಳಿದು ಪುಡಿಪುಡಿ. ಯಾರ ಚಿತ್ರ ಎಲ್ಲಿದೆಯೋ ಗೊತ್ತಾಗುತ್ತಿರಲಿಲ್ಲ.

“ಮುಂದೆ ನಿಂತಿದೆಯಲ್ಲ, ಅದು ನಂಬರ್ ಒನ್! ಅದು ನಂದು!” ಬುಲೆಟ್ ಕೂಗಿದ.

“ಏ, ಈಗ ಬೇರೇದು ಮುಂದೆ ಬಂತು ಕಣೋ!”

“ಹಾಗಾದ್ರೆ ಅದು ನಂದು!”

“ಮೊದಲು ಪಿಟೀಲು ಆರಿಸ್ಕೊಳ್ಳಲಿ,” ಎಂದ ಯಾರೋ. “ಅವಳ ಚಿಕ್ಕಮ್ಮನ ಪೆಟ್ಟಿಗೆ ತಾನೇ?”

ಎಲ್ಲರೂ ಅವಳ ಕಡೆ ನೋಡಿದರು. ಒಂಬತ್ತು ಮರಿಗಳಲ್ಲಿ ಯಾವುದನ್ನು ತೋರಿಸಿದರೂ ಯಾರೂ ಕೇಳುವವರಿರಲಿಲ್ಲ.

ಪಿಟೀಲು ನೋಟ್‌ಬುಕ್ ತೆರೆದು ಓದಿದಳು. “ನಕ್ಷತ್ರ: ಎಡಗಣ್ಣಿನ ಮೇಲೆ ಕಪ್ಪು ಚುಕ್ಕೆ. ಬುಲೆಟ್, ಅದು ನಿಂದು. ಬೀಗದ ಕೈ: ಬೆನ್ನ ಮೇಲೆ ಎರಡು ಗೆರೆ. ಚಕ್ರ: ಬಲಗಾಲಿನ ಬೆರಳು ಬಿಳಿ...”

ಒಬ್ಬೊಬ್ಬರೂ ಬಾಗಿ ಹುಡುಕಿದರು. “ಇದೆ ಇದೆ! ಚುಕ್ಕೆ ಇದೆ!” ಎಂದು ಬುಲೆಟ್ ಕುಣಿದ. ಒಂಬತ್ತು ಹೆಸರು ಮುಗಿಯಿತು.

“ಛತ್ರಿ?” ಹಿಂದಿನಿಂದ ಒಬ್ಬಳು ಹುಡುಗಿ ಕೇಳಿದಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಮೆತ್ತಗೆ ಮಾತಾಡುವವಳು. ಅವಳನ್ನು ಎಲ್ಲರೂ ಪಿಸುಮಾತು ಎನ್ನುತ್ತಿದ್ದರು.

“ಛತ್ರಿ ಬರಲಿಲ್ಲ. ಮೀನು ಬರಲಿಲ್ಲ. ಗಾಳಿಪಟ ಬರಲಿಲ್ಲ.”

“ಗಾಳಿಪಟ ಯಾರದ್ದು?”

“ನಂದು.”

ಪಿಸುಮಾತಿನ ಕಣ್ಣು ತುಂಬಿತು. “ಯಾಕೆ ಬರಲಿಲ್ಲ?”

“ಕೆಲವೊಮ್ಮೆ ಹಾಗಾಗುತ್ತೆ ಮರಿ,” ಎಂದು ಸೈನ್ಸ್ ಮಿಸ್ ಶುರು ಮಾಡಿದರು.

ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

“ನಿನ್ನೆ ಪೆಟ್ಟಿಗೆ ಬಿಸಿ ಜಾಸ್ತಿ ಆಯ್ತು ಮಿಸ್,” ಎಂದಳು ಪಿಟೀಲು. “ಸೆನ್ಸರ್ ವೈರು ಕಿತ್ತು ಹಾಕಿದ್ದು ನಾನು. ತಕ್ಷಣ ಹೇಳ್ಲೂ ಇಲ್ಲ.”

ಬುಲೆಟ್ ಬಾಯಿ ತೆರೆದವನು ಮುಚ್ಚಿದ. ಮರಿಗಳು ಮಾತ್ರ ಚಿಂವ್ ಚಿಂವ್ ಎನ್ನುತ್ತಿದ್ದವು.

ಮಿಸ್ ಮಕ್ಕಳನ್ನು ದೊಡ್ಡ ಪೆಟ್ಟಿಗೆ ತೋರಿಸಲು ಆ ಕಡೆ ಕರೆದುಕೊಂಡು ಹೋದರು. ಪಿಟೀಲು ಗಾಜಿನ ಎದುರೇ ಕೂತಳು. ಸ್ವಲ್ಪ ಹೊತ್ತಾಯಿತು. ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು.

“ಜಾಗ ಬಿಡು,” ಎಂದಳು ಪಿಸುಮಾತು.

ಪಿಟೀಲು ಸರಿದಳು. ಪಿಸುಮಾತು ಗಾಜಿಗೆ ಮೂಗು ಒತ್ತಿದಳು. ಬೆಚ್ಚಗಿದ್ದ ಗಾಜಿನ ಮೇಲೆ ಎರಡು ಮೂಗಿನ ಗುರುತು ಮೂಡಿದವು.

“ಚುಕ್ಕೆ ಇರೋದು ಯಾವುದು?”

“ಅಗೋ, ಮುಂದೆ.”

ಮರಿಗಳು ಒಮ್ಮೆಲೇ ಕದಲಿದವು. ಮುಂದಿದ್ದದ್ದು ಹಿಂದೆ ಹೋಯಿತು, ಹಿಂದಿದ್ದದ್ದು ನಡುವೆ ನುಗ್ಗಿತು.

“ಕಳೆದೋಯ್ತು,” ಎಂದಳು ಪಿಸುಮಾತು.

“ಇಲ್ಲ,” ಎಂದಳು ಪಿಟೀಲು. “ಮೂಲೇಲಿ, ಬಲ್ಬಿನ ಕೆಳಗೆ. ಎಡಗಣ್ಣು ನೋಡು.”